ಸರ್ವೇಯರ್ ಬಾಗಿಲಿಗೆ ಬಂದ ದಿನವೇ ಹೇಳಲಿ: ವಿಮಾ ಪ್ರಾಧಿಕಾರಕ್ಕೆ ಮಲೆನಾಡಿನಿಂದ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್.

ವಿಷಯ: ಮನೆ ವಿಮೆಯ ಕ್ಲೇಮಿನಲ್ಲಿ ಪಾಲಿಸಿದಾರರ ಖಾಸಗಿ ಮಾಹಿತಿ, ಮತ್ತು ಸರ್ವೇಯರ್, ಬ್ಯಾಂಕ್, ಏಜೆಂಟರ ಹಿತಾಸಕ್ತಿ ಘೋಷಣೆ ಕುರಿತು.

ಮಾನ್ಯರೇ,

ಹಾನಿಯನ್ನು ಅಳೆದು ವರದಿ ಕೊಡುವ ವಿಮಾ ಸರ್ವೇಯರ್‌ಗಳಿಗಾಗಿ ಪ್ರಾಧಿಕಾರ 2015ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಎರಡು ಕರ್ತವ್ಯಗಳನ್ನು ಸ್ಪಷ್ಟವಾಗಿ ಬರೆಯಲಾಗಿದೆ. ತಾನು ಅಳೆಯಲು ಹೊರಟ ಆಸ್ತಿಯಲ್ಲಿ ತನಗಾಗಲಿ, ತನ್ನ ನೆಂಟರಿಗಾಗಲಿ, ವ್ಯವಹಾರದ ಪಾಲುದಾರರಿಗಾಗಲಿ ಹಿತಾಸಕ್ತಿ ಇದೆಯೇ ಎಂದು ಸರ್ವೇಯರ್ ಘೋಷಿಸಬೇಕು. ಗೋಪ್ಯತೆಯನ್ನೂ ತಟಸ್ಥತೆಯನ್ನೂ ಕಾಪಾಡಬೇಕು. ನಿಯಮದಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಹೊತ್ತಿನಲ್ಲಿ. ಘೋಷಣೆ ವಾಡಿಕೆಯಲ್ಲಿ ವರದಿಯ ಕೊನೆಯ ಪುಟದಲ್ಲಿ ಒಂದು ಸಾಲಾಗಿ ಬರುತ್ತದೆ. ಅದನ್ನು ಪಾಲಿಸಿದಾರ ನೋಡುವ ಹೊತ್ತಿಗೆ ಮನೆಯೊಳಗಿನ ಫೋಟೊ, ವಿಭಾಗ ಪತ್ರ, ಪಾಸ್‌ಬುಕ್ಕಿನ ಪುಟಗಳು ಎಲ್ಲವೂ ಕೈದಾಟಿ ಹೋಗಿರುತ್ತವೆ. ಆ ಘೋಷಣೆ ಮೊದಲ ಭೇಟಿಯ ದಿನವೇ ಬಾಗಿಲಲ್ಲಿ, ಕನ್ನಡದಲ್ಲಿ, ಒಂದು ಪುಟದಲ್ಲಿ ಸಿಗುವಂತೆ ಮಾಡಿ ಎಂದು ಕೇಳುವುದಕ್ಕೇ ಈ ಪತ್ರ.

ಗೋಪ್ಯತೆ ಮತ್ತು ಹಿತಾಸಕ್ತಿ ಸಂಘರ್ಷ ಎರಡು ಬೇರೆ ವಿಷಯಗಳೆಂದು ದೊಡ್ಡ ನಗರದಲ್ಲಿ ಕೂತವರಿಗೆ ಅನ್ನಿಸಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅವು ಒಂದೇ. ಇಲ್ಲಿ ಮನೆ ನೋಡಲು ಬಂದ ಸಿವಿಲ್ ಎಂಜಿನಿಯರ್ ಅದೇ ಊರಿನ ಬ್ಯಾಂಕಿನ ಪ್ಯಾನೆಲ್ ಮೌಲ್ಯಮಾಪಕರೂ ಆಗಿರಬಹುದು. ಪಾಲಿಸಿ ಮಾಡಿಸಿದ ಏಜೆಂಟರ ಭಾವಮೈದುನ ರಿಪೇರಿ ಕಂಟ್ರಾಕ್ಟರ್ ಆಗಿರಬಹುದು. ಇದು ಅಪರಾಧವಲ್ಲ, ಸಣ್ಣ ಊರು ನಡೆಯುವುದೇ ಹೀಗೆ. ಆದರೆ ಒಬ್ಬರ ಕೈಗೆ ಹೋದ ಮಾಹಿತಿ ಯಾರ ಲಾಭಕ್ಕೆ ಒದಗುತ್ತದೆಂದು ಮೊದಲೇ ಗೊತ್ತಿಲ್ಲದಿದ್ದರೆ, ಏನನ್ನು ಕೊಡಬೇಕು, ಏನನ್ನು ಕೊಡಬಾರದು ಎಂದು ಮನೆಯವರು ತೀರ್ಮಾನಿಸುವುದು ಹೇಗೆ? ಸೋರಿದ ಮಾಡಿನ ಫೋಟೊದಲ್ಲಿ ಅಟ್ಟದ ಮೇಲಿನ ರಾಶಿ ಅಡಿಕೆಯ ಚೀಲಗಳೂ ಬಂದುಬಿಟ್ಟರೆ, ಅದು ದಲ್ಲಾಳಿಗೂ ಕಳ್ಳನಿಗೂ ಸಮಾನವಾಗಿ ಉಪಯೋಗಕ್ಕೆ ಬರುವ ಸುದ್ದಿ. ವಿಪರ್ಯಾಸವೆಂದರೆ ಕ್ಲೇಮಿಗೆ ಆ ಚೀಲಗಳಿಂದ ಆಗಬೇಕಾದ್ದೇನೂ ಇಲ್ಲ. ಮನೆ ಪಾಲಿಸಿಯಲ್ಲಿ ಸಾಮಾನು ಎಂದರೆ ಗೃಹಬಳಕೆಯ ಸಾಮಾನು. ಮಾರಾಟಕ್ಕಿಟ್ಟ ಅಡಿಕೆಗೆ ಬೇರೆ ಪಾಲಿಸಿಯೇ ಬೇಕು.

ಗಾಳಿಮಳೆಗೆ ಹೆಂಚು ಹಾರಿದ ಕ್ಲೇಮನ್ನೇ ತೆಗೆದುಕೊಳ್ಳಿ. ಅದಕ್ಕೆ ನಿಜಕ್ಕೂ ಬೇಕಾದದ್ದು ಬಹಳ ಕಡಿಮೆ. ಮನೆಯ ನಾಲ್ಕು ಮೂಲೆಗಳಿಂದ ಹೊರಗಿನ ಒಂದೊಂದು ಫೋಟೊ. ಹಾನಿಯಾದ ಕೋಣೆಯ ಬಾಗಿಲಲ್ಲಿ ನಿಂತು ಒಳಗಿನದೊಂದು. ಹೆಂಚಿನಡಿಯ ಮುರಿದ ಮರಗಳನ್ನು (ಪಕಾಸಿ, ರೀಪು) ಪಕ್ಕದಲ್ಲಿ ಟೇಪು ಹಿಡಿದು ಹತ್ತಿರದಿಂದ ತೆಗೆದವು. ನೆನೆದು ಕೆಟ್ಟ ಸಾಮಾನು ಒಂದೊಂದಾಗಿ. ಉಳಿದದ್ದು ಅಳತೆ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15, ಅಂದರೆ ನೂರು ಚದರಡಿಗೆ 140ರ ಆಸುಪಾಸು ಬೇಕಾಗುತ್ತದೆ. ಮಾಡನ್ನು ಇಳಿಜಾರಿನ ಉದ್ದಕ್ಕೇ ಅಳೆಯಬೇಕು. ಕೆಳಗೆ ನೆಲದ ಅಳತೆ ಹಿಡಿದು ಲೆಕ್ಕ ಹಾಕಿದರೆ 30 ಡಿಗ್ರಿ ಇಳಿಜಾರಿನ ಮಾಡಿಗೆ ಶೇ 13ರಷ್ಟು ಹೆಂಚು, ರೀಪು ಕಡಿಮೆ ಬೀಳುತ್ತದೆ. ನಾವು ಕಂಡ ಕಡಿತಗಳಲ್ಲಿ ಹಲವು ಇಂಥವೇ, ಮೋಸವಲ್ಲ, ಅವಸರ. ಬೀರು, ದೇವರ ಕೋಣೆ, ಹೆಂಗಸರು ಮಲಗುವ ಕೋಣೆ, ನೆನೆಯದ ಅಟ್ಟ ಇವುಗಳ ಫೋಟೊ ಈ ಲೆಕ್ಕದ ಯಾವ ಸಾಲಿಗೂ ಬೇಡ. ಆದರೂ ಮೊಬೈಲ್ ಎತ್ತಿ ಮನೆಯನ್ನೆಲ್ಲ ಒಂದು ಸುತ್ತು ವಿಡಿಯೊ ಮಾಡಿಕೊಂಡು ಹೋಗುವುದು ಈಗ ರೂಢಿಯಾಗಿದೆ. ಕೇಳಿದರೆ ‘ಕಂಪನಿಯವರು ಕೇಳ್ತಾರೆ’ ಎಂಬ ಉತ್ತರ.

ಆ ವಿಡಿಯೊ ಹೋಗುವ ದಾರಿಯನ್ನೂ ಸ್ವಲ್ಪ ನೋಡಿ. ಸರ್ವೇಯರರ ಸ್ವಂತ ಮೊಬೈಲಿನಿಂದ ಅವರ ಸಹಾಯಕನಿಗೆ, ಅಲ್ಲಿಂದ ಅಂದಾಜುಪಟ್ಟಿ ಬರೆಯುವ ಕಂಟ್ರಾಕ್ಟರಿಗೆ, ನಡುವೆ ಏಜೆಂಟರ ವಾಟ್ಸ್ಆ್ಯಪ್ ಗುಂಪಿಗೆ. ಇಲ್ಲಿ ತಾಂತ್ರಿಕವಾದ ಇನ್ನೊಂದು ತೊಡಕಿದೆ. ವಾಟ್ಸ್ಆ್ಯಪಿನಲ್ಲಿ ಫೋಟೊವನ್ನು ಫೋಟೊ ಆಗಿಯೇ ಕಳಿಸಿದರೆ ಅದರೊಳಗಿನ ದಿನಾಂಕ, ಜಾಗದ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಮೊದಲ ರೀತಿಯಲ್ಲಿ ಕಳಿಸಿ, ಜಾಗ ಸಾಲದೆಂದು ಮೂಲ ಫೈಲನ್ನು ಮೊಬೈಲಿನಿಂದ ತೆಗೆದುಹಾಕಿದ ಪಾಲಿಸಿದಾರನಿಗೆ ಆಮೇಲೆ ಸಾಕ್ಷ್ಯವೂ ಇಲ್ಲ, ಮನೆಯ ಗುಟ್ಟೂ ಉಳಿದಿಲ್ಲ. ಕಂಪನಿಯ ಕ್ಲೇಮ್ ಪೋರ್ಟಲಿಗೆ ಅಥವಾ ಅಧಿಕೃತ ಇಮೇಲಿಗೆ ಕಳಿಸುವುದೇ ಸರಿಯಾದ ದಾರಿ. ಪ್ರತಿ ಕ್ಲೇಮಿಗೂ ಅಂಥದೊಂದು ಲಿಂಕನ್ನು ಮೊದಲ ಎಸ್‌ಎಂಎಸ್‌ನಲ್ಲೇ ಕೊಡಬೇಕೆಂದು ಪ್ರಾಧಿಕಾರ ಹೇಳಿದರೆ ಈ ಗೊಂದಲ ಬಹುಪಾಲು ಮುಗಿಯುತ್ತದೆ. ವಿಡಿಯೊ ಸರ್ವೆಯ ಆ್ಯಪ್‌ಗಳು ಕ್ಯಾಮೆರಾ ಮತ್ತು ಲೊಕೇಶನ್ ಕೇಳುವುದು ನ್ಯಾಯ. ಕಾಂಟ್ಯಾಕ್ಟ್ ಪಟ್ಟಿ, ಗ್ಯಾಲರಿ ಯಾಕೆ?

ಇನ್ನು ಕಾಗದಪತ್ರ. 2024ರ ಮಾಸ್ಟರ್ ಸುತ್ತೋಲೆಯಲ್ಲಿ ತಾವೇ ಹೇಳಿದ್ದೀರಿ: ಬೇಕಾದ ದಾಖಲೆಗಳನ್ನು ಪಾಲಿಸಿ ಕೊಡುವಾಗಲೇ ಕೇಳಬೇಕು, ಕ್ಲೇಮಿನ ಹೊತ್ತಿನಲ್ಲಿ ಆ ಕ್ಲೇಮ್ ಇತ್ಯರ್ಥಕ್ಕೆ ಅಗತ್ಯವಾದವನ್ನು ಮಾತ್ರ ಕೇಳಬಹುದು, ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಒಳ್ಳೆಯ ಮಾತು. ಆದರೆ ‘ಅಗತ್ಯ’ ಯಾವುದು ಎಂದು ತೀರ್ಮಾನಿಸುವುದು ಕೇಳುವವರೇ. ಮಲೆನಾಡಿನ ಮನೆಗಳು ಸಾಮಾನ್ಯವಾಗಿ ಕುಟುಂಬದ ಪಾಲಿನಲ್ಲಿ ಬಂದವು. ಮಾಲೀಕತ್ವ ತೋರಿಸಲು ಇ-ಸ್ವತ್ತಿನ ನಮೂನೆ 9 ಅಥವಾ 11, ಇಲ್ಲವೇ ಇ-ಖಾತೆ, ಜೊತೆಗೆ ತೆರಿಗೆ ರಸೀದಿ ಸಾಕಾಗುವಲ್ಲಿ ಇಡೀ ವಿಭಾಗ ಪತ್ರ ಕೇಳುತ್ತಾರೆ. ಅದರಲ್ಲಿ ಅಣ್ಣತಮ್ಮಂದಿರ ತೋಟದ ಸರ್ವೆ ನಂಬರು, ತಂಗಿಗೆ ಕೊಟ್ಟ ಹಣ, ಹಕ್ಕು ಬಿಡುಗಡೆ ಬರೆದುಕೊಟ್ಟವರ ವಿವರ ಎಲ್ಲವೂ ಇರುತ್ತದೆ. ಪಾಲಿಸಿದಾರನ ಸ್ವತ್ತಿರುವ ಷೆಡ್ಯೂಲ್ ಪುಟ, ನೋಂದಣಿ ಸಂಖ್ಯೆ ಇರುವ ಪುಟ, ಇವೆರಡು ಸಾಕಾಗದ ಮನೆ ಕ್ಲೇಮ್ ಅಪರೂಪ. ಪಾಲಿಸಿದಾರ ತೀರಿಕೊಂಡಿದ್ದರೆ ವಂಶವೃಕ್ಷ ಕೇಳುವುದು ಸರಿ. ಬದುಕಿರುವವರಿಂದ ಅದನ್ನು ಕೇಳಿದರೆ ಏನೆನ್ನಬೇಕು?

ಆಧಾರ್ ವಿಷಯದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಒದಗಿಸಿದೆ. ಆದರೂ ಎರಡೂ ಬದಿಯ ಪೂರ್ತಿ ಜೆರಾಕ್ಸ್ ಕೇಳುವುದು ನಿಂತಿಲ್ಲ. ಕಳವಿನ ಕ್ಲೇಮಿನಲ್ಲಂತೂ ತೋಟದ ಕೆಲಸಕ್ಕೆ ಬರುವ ಆಳುಗಳ ಆಧಾರ್ ಪ್ರತಿಯನ್ನೂ ಯಜಮಾನರೇ ತೆಗೆದುಕೊಟ್ಟುಬಿಡುತ್ತಾರೆ. ಕೂಲಿಗೆ ಬಂದವರಿಗೂ ಈ ಪಾಲಿಸಿಗೂ ಸಂಬಂಧವಿಲ್ಲ. ಅವರ ಮಾಹಿತಿ ಕೊಡುವ ಅಧಿಕಾರ ಯಜಮಾನರಿಗೂ ಇಲ್ಲ. ಬೇಕಿದ್ದರೆ ಪೊಲೀಸರು ಕೇಳಲಿ. ಆದಾಯ ತೆರಿಗೆ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಅಡಿಕೆ ಮಾರಿದ ಬಿಲ್ಲು ಇವುಗಳದ್ದೂ ಇದೇ ಕಥೆ. ಬೆಂಕಿ ಅನುಮಾನಾಸ್ಪದವಾಗಿದ್ದರೆ ಮನೆಯವರ ಹಣಕಾಸು ಸ್ಥಿತಿ ನೋಡಲು ಕಾರಣವಿದೆ. ಆಗ ಆ ಕಾರಣವನ್ನು ಬರೆದು ಕೇಳಬೇಕು. ಮರ ಬಿದ್ದು ಮಾಡು ಮುರಿದ ಮನೆಗೆ ಆದಾಯದ ಲೆಕ್ಕ ಯಾತಕ್ಕೂ ಬೇಡ.

ಪಾಲಿಸಿದಾರರಿಗೂ ಒಂದು ಮಾತು ಇಲ್ಲೇ ಹೇಳಬೇಕು, ಈ ಪತ್ರ ಬಹಿರಂಗವಾಗಿರುವುದರಿಂದ. ಗೋಪ್ಯತೆ ಎಂದರೆ ಮುಚ್ಚಿಡುವುದಲ್ಲ. ಹಾನಿಯ ಕಾರಣ, ಹಳೆಯ ಬಿರುಕು, ಮಾಡಿದ ಬದಲಾವಣೆ ಇವನ್ನು ಬಚ್ಚಿಟ್ಟರೆ ಕ್ಲೇಮ್ ಬೀಳುತ್ತದೆ, ಬೀಳಬೇಕಾದ್ದೇ. ಕೊಡುವ ಪ್ರತಿ ಜೆರಾಕ್ಸಿನ ಮೇಲೂ ‘ಇಂಥ ಕ್ಲೇಮ್ ಸಂಖ್ಯೆಗೆ ಮಾತ್ರ’ ಎಂದು ಅಡ್ಡಲಾಗಿ ಬರೆದು ದಿನಾಂಕ ಹಾಕಿ. ಏನೇನು ಕೊಟ್ಟಿರಿ ಎಂಬ ಪಟ್ಟಿಗೆ ಪಡೆದವರ ಸಹಿ ಹಾಕಿಸಿಕೊಳ್ಳಿ.

ಹಿತಾಸಕ್ತಿಯ ಪ್ರಶ್ನೆ ಅತ್ಯಂತ ಚೂಪಾಗಿ ಕಾಣುವುದು ಧರೆ ಕುಸಿತದ ಕ್ಲೇಮುಗಳಲ್ಲಿ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆಯ ಪಾಲಿಸಿ ಭೂಕುಸಿತಕ್ಕೆ ರಕ್ಷಣೆ ಕೊಡುತ್ತದೆ. ಆದರೆ ಹೊಸ ಕಟ್ಟಡ ಸಹಜವಾಗಿ ಕೂರುವುದರಿಂದ ಬಂದ ಬಿರುಕು, ತುಂಬಿಸಿದ ಮಣ್ಣು ಜರುಗಿದ್ದು, ಹೊಳೆ ಕೊರೆತ, ದೋಷವುಳ್ಳ ವಿನ್ಯಾಸ ಅಥವಾ ಕಾಮಗಾರಿ, ನೆಲ ಅಗೆತ ಇವುಗಳಿಂದಾದ ಹಾನಿಯನ್ನು ಅದೇ ಕಲಮು ಹೊರಗಿಡುತ್ತದೆ. ಮಲೆನಾಡಿನಲ್ಲಿ ಗುಡ್ಡದ ಬುಡ ಕಡಿಯದೆ, ಇನ್ನೊಂದು ಬದಿಗೆ ಮಣ್ಣು ತುಂಬಿಸದೆ ಕಟ್ಟಿದ ಮನೆ ಎಷ್ಟಿವೆ? ಹಾಗಾಗಿ ‘ಇದು ಮಳೆಗೆ ಕುಸಿದದ್ದೋ, ಜೆಸಿಬಿಯಿಂದ ಕಡಿದ ಕಾರಣಕ್ಕೋ’ ಎಂಬ ಒಂದೇ ಸಾಲಿನ ಅಭಿಪ್ರಾಯದ ಮೇಲೆ ಇಡೀ ಕ್ಲೇಮ್ ನಿಂತಿರುತ್ತದೆ. ಆ ಸಾಲು ಬರೆಯಲು ಹಲವು ಬಾರಿ ಪಕ್ಕದ ಮನೆಯವರ ಹೇಳಿಕೆ ಪಡೆಯುತ್ತಾರೆ. ಪಕ್ಕದ ಮನೆಯವರೊಂದಿಗೆ ಬೇಲಿಯ ತಂಟೆ ಇದೆಯೇ ಎಂದು ಕೇಳುವವರಿಲ್ಲ. ಹೇಳಿಕೆಯ ಪ್ರತಿ ಪಾಲಿಸಿದಾರನಿಗೆ ಸಿಗುವುದಿಲ್ಲ. ಅದರ ಬದಲು ಈತನ ವಿಮಾ ಮೊತ್ತ ಎಷ್ಟು, ಕ್ಲೇಮ್ ಎಷ್ಟು ಎಂಬುದು ಮಾತಿನ ನಡುವೆ ಪಕ್ಕದವರಿಗೆ ಗೊತ್ತಾಗಿರುತ್ತದೆ! ನೆರೆಹೊರೆಯ ಹೇಳಿಕೆಯನ್ನು ಆಧಾರವಾಗಿ ಬಳಸುವುದಾದರೆ ಅದರ ಪ್ರತಿಯನ್ನು ಪಾಲಿಸಿದಾರನಿಗೆ ಕೊಟ್ಟು, ಉತ್ತರಿಸಲು ಏಳು ದಿನವಾದರೂ ಬಿಡಬೇಕು. ಮಳೆಯ ವಿಷಯಕ್ಕೆ ಯಾರ ಹೇಳಿಕೆಯೂ ಬೇಕಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪನ ಅಂಕಿಅಂಶ ಗ್ರಾಮ ಪಂಚಾಯಿತಿ ಮಟ್ಟದಲ್ಲಿದೆ. ಕಂದಾಯ ಇಲಾಖೆಯ ಮಹಜರು ಇದೆ. ಇವೆರಡಕ್ಕೂ ಬೇಲಿಯ ತಂಟೆ ಇಲ್ಲ.

ಬಿರುಕಿನ ಕ್ಲೇಮುಗಳೂ ಹೀಗೆಯೇ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಸ್ಫೋಟ ಸಂಭವಿಸಿದಾಗ ಸುತ್ತಲಿನ ಊರುಗಳ ಮನೆಗಳು ಬಿರುಕುಬಿಟ್ಟವು. ಸ್ಫೋಟ ಮನೆ ವಿಮೆಯಲ್ಲಿ ಒಳಗೊಂಡ ಅಪಾಯ. ವಾದ ಬರುವುದು ಬಿರುಕು ಹಳೆಯದೋ ಹೊಸದೋ ಎಂಬಲ್ಲಿ. ಹೊಸ ಬಿರುಕಿನ ಅಂಚು ಚೂಪಾಗಿ, ಒಳಗೆ ಸಿಮೆಂಟಿನ ಅಥವಾ ಮಣ್ಣಿನ ತಾಜಾ ಬಣ್ಣ ಕಾಣುತ್ತದೆ. ಹಳೆಯದರೊಳಗೆ ಧೂಳು, ಜೇಡರ ಬಲೆ, ಕೆಲವೊಮ್ಮೆ ಹಿಂದಿನ ಸುಣ್ಣಬಣ್ಣದ ಪದರ ಇರುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ ಬರೆದರೆ ಅದು ಬೆಳೆಯುತ್ತಿದೆಯೇ ಎಂದು ವಾರದಲ್ಲಿ ತಿಳಿಯುತ್ತದೆ. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಹಾನಿಗೆ ಮೊದಲಿನ ಫೋಟೊ. ಗೃಹಸಾಲ ಪಡೆದ ಮನೆಗೆ ಅದು ಬ್ಯಾಂಕಿನ ಮೌಲ್ಯಮಾಪನ ವರದಿಯಲ್ಲಿ ಕೂತಿರುತ್ತದೆ.

ಇಲ್ಲೇ ಬ್ಯಾಂಕಿನ ವಿಷಯ ಬರುತ್ತದೆ. ಸಾಲ ಕೊಡುವ ಬ್ಯಾಂಕೇ ಕಾರ್ಪೊರೇಟ್ ಏಜೆಂಟ್ ಆಗಿ ವಿಮೆ ಮಾರುತ್ತದೆ, ಕಮಿಷನ್ ಪಡೆಯುತ್ತದೆ. ಕೆಲವೆಡೆ ವಿಮಾ ಕಂಪನಿಯಲ್ಲಿ ಅದಕ್ಕೆ ಷೇರೂ ಇರುತ್ತದೆ. ಪಾಲಿಸಿಯಲ್ಲಿ ಬ್ಯಾಂಕ್ ಕಲಮು ಇದ್ದರೆ ಕ್ಲೇಮಿನ ಹಣ ಮೊದಲು ಹೋಗುವುದೂ ಅಲ್ಲಿಗೇ. ಸಾಲಕ್ಕೆ ಮನೆಯ ಬೆಲೆ ಕಟ್ಟಿದ ಎಂಜಿನಿಯರೇ ಆಮೇಲೆ ಅದೇ ಮನೆಯ ಹಾನಿ ಕಟ್ಟಲು ಬಂದರೆ, ತನ್ನ ಹಳೆಯ ಅಂಕಿಯನ್ನು ಸಮರ್ಥಿಸಿಕೊಳ್ಳುವ ಒತ್ತಡ ಅವರ ಮೇಲಿರುತ್ತದೆ. ಆಗ ನೆಲದ ಬೆಲೆ, ಕಟ್ಟಡದ ಬೆಲೆ ಕಲಸಿಹೋಗುತ್ತವೆ. ಗೃಹ ರಕ್ಷಾದಲ್ಲಿ ಕಟ್ಟಡದ ವಿಮಾ ಮೊತ್ತಕ್ಕೆ ಆಧಾರ ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ವಿಸ್ತೀರ್ಣ) ಮತ್ತು ಕಟ್ಟುವ ವೆಚ್ಚದ ದರ, ಮಾರುಕಟ್ಟೆ ಬೆಲೆಯಲ್ಲ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂದು ಪ್ರಮಾಣಾನುಸಾರ ಕಡಿತ ಮಾಡುವುದನ್ನೂ ಆ ಪಾಲಿಸಿ ಕೈಬಿಟ್ಟಿದೆ. ಹಳೆಯ ಅಗ್ನಿ ವಿಮೆಯ ಅಭ್ಯಾಸದಲ್ಲಿ ಈಗಲೂ ಆ ಕಡಿತ ಹಾಕಿದ ವರದಿ ಬಂದರೆ ಪಾಲಿಸಿದಾರರು ಸುಮ್ಮನೆ ಸಹಿ ಹಾಕಬಾರದು. ಆರ್ಕಿಟೆಕ್ಟ್, ಎಂಜಿನಿಯರ್ ಶುಲ್ಕಕ್ಕೆ ಕ್ಲೇಮಿನ ಶೇ 5ರವರೆಗೆ, ಅವಶೇಷ ತೆಗೆಯಲು ಶೇ 2ರವರೆಗೆ ಸಿಗುತ್ತದೆ ಎಂಬುದನ್ನು ಏಜೆಂಟರೂ ಮರೆತಿರುತ್ತಾರೆ. ಈ ಶೇ 5 ಇರುವುದರಿಂದಲೇ ಪಾಲಿಸಿದಾರ ತನ್ನದೇ ಎಂಜಿನಿಯರಿಂದ ಅಂದಾಜುಪಟ್ಟಿ ಮಾಡಿಸಲು ಹೆದರಬೇಕಿಲ್ಲ.

ಸರ್ವೇಯರರ ಫೀಸು ಕಂಪನಿ ಕೊಡುತ್ತದೆ, ಪರವಾನಗಿ ತಾವು ಕೊಡುತ್ತೀರಿ. ಈ ವ್ಯವಸ್ಥೆ ಒಂದು ದಿನದಲ್ಲಿ ಬದಲಾಗದು, ಬದಲಾಗಬೇಕೆಂದು ನಾವೂ ಹಟ ಹಿಡಿದಿಲ್ಲ. ಆದರೆ ನ್ಯಾಯಾಲಯ ಈ ವರದಿಗಳಿಗೆ ಮಿತಿ ಹಾಕಿದೆ. ಸರ್ವೇಯರ್ ವರದಿಯೇ ಅಂತಿಮವಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿತು. ತಮಗೆ ಒಪ್ಪುವ ವರದಿ ಸಿಗುವವರೆಗೆ ಕಂಪನಿ ಒಬ್ಬರಾದ ಮೇಲೊಬ್ಬ ಸರ್ವೇಯರರನ್ನು ನೇಮಿಸುತ್ತ ಹೋಗುವಂತಿಲ್ಲ ಎಂದು ಅದೇ ವರ್ಷ ವೆಂಕಟೇಶ್ವರ ಸಿಂಡಿಕೇಟ್ ಪ್ರಕರಣದಲ್ಲಿ ಹೇಳಿತು. ಸರ್ವೇಯರರಿಗೆ ಪರವಾನಗಿಯಾದರೂ ಇದೆ. ಕಂಪನಿ ಕಳಿಸುವ ಖಾಸಗಿ ತನಿಖಾಗಾರರಿಗೆ ಅದೂ ಇಲ್ಲ. ಗುರುತಿನ ಪತ್ರ ತೋರಿಸದೆ ಊರಲ್ಲಿ ವಿಚಾರಿಸುತ್ತ ತಿರುಗುವವರನ್ನು ಪ್ರಾಧಿಕಾರ ತಡೆಯಲೇಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಾವು ಕೇಳುತ್ತಿರುವುದಕ್ಕೆ ಅರ್ಧ ದಾರಿಯನ್ನು ಈಗಾಗಲೇ ಸವೆಸಿದೆ. ಒಪ್ಪಿಗೆ ನಿರ್ದಿಷ್ಟ ಉದ್ದೇಶಕ್ಕೆ, ಆ ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ. ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ ಪಡೆಯುವ ಆಯ್ಕೆ ಇರಬೇಕು. ಕಾಯ್ದೆಯ ಆರನೇ ಕಲಮಿನ ಕೆಳಗೆ ಕೊಟ್ಟಿರುವ ಒಂದು ಉದಾಹರಣೆ ವಿಮೆಯದ್ದೇ: ಪಾಲಿಸಿ ಕೊಳ್ಳುವಾಗ ದತ್ತಾಂಶ ಮಂಡಳಿಗೆ ದೂರು ಕೊಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಒಪ್ಪಿಸಿಕೊಂಡರೆ ಆ ಭಾಗ ಅಸಿಂಧು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ತೀರ್ಪು ಬಂದ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕನ್ನಡದಲ್ಲಿ ಒಂದು ಪುಟ ಕೇಳುವುದಕ್ಕೆ ನಮಗೆ ಅಷ್ಟಾದರೂ ಸಲುಗೆ ಇದೆ ಎಂದುಕೊಂಡಿದ್ದೇವೆ. ಈ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದರೂ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಅಲ್ಲಿಯವರೆಗೆ ಕಾದು ಕೂರದೆ ಪ್ರಾಧಿಕಾರ ತನ್ನ ಅಧಿಕಾರದಲ್ಲೇ ಸುತ್ತೋಲೆ ಹೊರಡಿಸಬಹುದು.

ಆ ಪುಟದಲ್ಲಿ ಇರಬೇಕಾದ್ದು ಇಷ್ಟು. ಮೇಲ್ಭಾಗದಲ್ಲಿ ಸರ್ವೇಯರರ ಹೆಸರು, ಪರವಾನಗಿ ಸಂಖ್ಯೆ, ಅದರ ಅವಧಿ, ಯಾವ ವಿಭಾಗಕ್ಕೆ ಪರವಾನಗಿ ಎಂಬುದು. ಮೋಟಾರು ವಿಭಾಗದವರು ಮಣ್ಣಿನ ಗೋಡೆ ಅಳೆಯಲು ಬರಬಾರದು. ಅದರ ಕೆಳಗೆ ಹೌದು-ಇಲ್ಲ ಎಂದು ಗುರುತು ಹಾಕುವ ನಾಲ್ಕು ಪ್ರಶ್ನೆ: ಈ ಆಸ್ತಿಗೆ ಹಿಂದೆ ಮೌಲ್ಯಮಾಪನ ಮಾಡಿದ್ದೀರಾ, ಇದಕ್ಕೆ ಸಾಲ ಕೊಟ್ಟ ಬ್ಯಾಂಕಿನ ಪ್ಯಾನೆಲಿನಲ್ಲಿದ್ದೀರಾ, ಪಾಲಿಸಿ ಮಾರಿದ ಏಜೆಂಟರೊಂದಿಗೆ ಅಥವಾ ರಿಪೇರಿಗೆ ಹೇಳಲಿರುವ ಕಂಟ್ರಾಕ್ಟರೊಂದಿಗೆ ನೆಂಟಸ್ತಿಕೆ ಇಲ್ಲವೇ ವ್ಯವಹಾರ ಇದೆಯಾ, ಅಕ್ಕಪಕ್ಕದ ಜಮೀನಿನಲ್ಲಿ ನಿಮಗೆ ಹಿತಾಸಕ್ತಿ ಇದೆಯಾ. ಒಂದಕ್ಕೆ ಹೌದು ಎಂದರೂ ಬೇರೆಯವರನ್ನು ಕೇಳುವ ಹಕ್ಕು ಪಾಲಿಸಿದಾರನಿಗಿರಲಿ, ಆ ವಿಳಂಬ ಕಂಪನಿಯ ಲೆಕ್ಕಕ್ಕೆ ಸೇರಲಿ. ಕೆಳಗಿನ ಅರ್ಧ ಪುಟ ಒಯ್ದದ್ದರ ಪಟ್ಟಿಗೆ: ಯಾವ ದಾಖಲೆ, ಎಷ್ಟು ಫೋಟೊ, ಯಾವ ಕೋಣೆಯದು, ಯಾಕೆ, ಯಾರಿಗೆ ಕೊಡಲಾಗುತ್ತದೆ, ಯಾವಾಗ ಅಳಿಸಲಾಗುತ್ತದೆ. ಎರಡು ಪ್ರತಿ, ಎರಡಕ್ಕೂ ಇಬ್ಬರ ಸಹಿ. ಕಂಪನಿಯ ಕಡತದಲ್ಲಿ ದಾಖಲೆ ಇರಬೇಕಾದಷ್ಟು ಕಾಲ ಇರಲಿ. ಸರ್ವೇಯರ್, ಕಂಟ್ರಾಕ್ಟರರ ಸ್ವಂತ ಮೊಬೈಲಿನಲ್ಲಿರುವ ಪ್ರತಿಗಳು ವರದಿ ಸಲ್ಲಿಸಿದ ಮೇಲೆ ಉಳಿಯಬಾರದು.

ವರದಿಯ ಪ್ರತಿ ಪಾಲಿಸಿದಾರನಿಗೂ ಸಿಗಬೇಕೆಂದು 2015ರ ನಿಯಮಾವಳಿಯೇ ಹೇಳುತ್ತದೆ. ಸರ್ವೇಯರರನ್ನು ಕೇಳಿದರೆ ‘ಕಂಪನಿಯಿಂದ ಪಡೆಯಿರಿ’, ಕಂಪನಿಯನ್ನು ಕೇಳಿದರೆ ‘ಆಂತರಿಕ ದಾಖಲೆ’. ತಮ್ಮ 2024ರ ಸುತ್ತೋಲೆಗಳ ಪ್ರಕಾರ 24 ಗಂಟೆಯಲ್ಲಿ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ. ಈ ಸರಪಳಿಯಲ್ಲಿ ವರದಿ ಕಂಪನಿಗೆ ತಲುಪಿದ ದಿನವೇ ಪಾಲಿಸಿದಾರನ ಇಮೇಲಿಗೂ ಹೋಗಲಿ ಎಂಬ ಒಂದು ಕೊಂಡಿ ಸೇರಿಸಿದರೆ ಸಾಕು. ‘ಪೂರ್ಣ ಮತ್ತು ಅಂತಿಮ’ ಎಂದು ಬರೆದ ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗದು ಎಂದು 2015ರಲ್ಲೇ ತಾವು ಸುತ್ತೋಲೆಯಲ್ಲಿ ತಿಳಿಸಿದ್ದೀರಿ. ಆ ಮಾತನ್ನು ವೋಚರಿನ ಮೇಲೆಯೇ ಕನ್ನಡದಲ್ಲಿ ಅಚ್ಚು ಹಾಕಿಸಿ.

ಇದನ್ನು ಓದುತ್ತಿರುವ, ಈಗಾಗಲೇ ಕ್ಲೇಮಿನಲ್ಲಿ ಸಿಕ್ಕಿಕೊಂಡವರಿಗೆ: ಮೊದಲು ಕಂಪನಿಯ ದೂರು ಅಧಿಕಾರಿಗೆ ಬರಹದಲ್ಲಿ ಕೊಡಿ. ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲಿನಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಕಂಪನಿ ದೂರನ್ನು ತಿರಸ್ಕರಿಸಿದ ಪತ್ರ ಬಂದ ಒಂದು ವರ್ಷದೊಳಗೆ, 50 ಲಕ್ಷ ರೂಪಾಯಿವರೆಗಿನ ಪರಿಹಾರಕ್ಕೆ, ಫೀಸಿಲ್ಲದೆ, ವಕೀಲರಿಲ್ಲದೆ. ದೂರಿನಲ್ಲಿ ಹಣದ ಜೊತೆಗೆ ಹಿತಾಸಕ್ತಿ ಘೋಷಣೆಯ ಪ್ರತಿಯನ್ನೂ ವರದಿಯ ಪ್ರತಿಯನ್ನೂ ಕೇಳಿ. ಕೊಡದಿದ್ದರೆ ಅದನ್ನೇ ದೂರಿನ ಒಂದು ಅಂಶವಾಗಿ ಬರೆಯಿರಿ.

ಮಾನ್ಯರೇ, ಆಗುಂಬೆ, ಬಿದನೂರು ನಗರ, ಮಾಸ್ತಿಕಟ್ಟೆ ಕಡೆ ಜೂನಿನಲ್ಲಿ ಮಳೆ ಹಿಡಿಯುತ್ತದೆ. ಕ್ಲೇಮುಗಳ ರಾಶಿ ಬೀಳುವುದು ಜುಲೈ, ಆಗಸ್ಟಿನಲ್ಲಿ. ಸುತ್ತೋಲೆ ಏಪ್ರಿಲಿನೊಳಗೆ ಹೊರಟರೆ ಕಂಪನಿಗಳಿಗೆ ನಮೂನೆ ಅಚ್ಚು ಹಾಕಿಸಲು, ಸರ್ವೇಯರರಿಗೆ ತಿಳಿಸಲು ಎರಡು ತಿಂಗಳು ಸಿಗುತ್ತದೆ. ನಮೂನೆಯ ಕನ್ನಡ ಕರಡನ್ನು ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ.

ಇತಿ,
ಶಿವಮೊಗ್ಗ ಜಿಲ್ಲೆಯ ಪಾಲಿಸಿದಾರರ ಪರವಾಗಿ ಕ್ಲೇಮ್ ಕಾಗದಪತ್ರ ನೋಡಿಕೊಡುವವರು

ಪ್ರತಿ: ವಿಮಾ ಒಂಬುಡ್ಸ್‌ಮನ್ ಕಚೇರಿ, ಬೆಂಗಳೂರು, ಜಿಲ್ಲಾಧಿಕಾರಿಗಳು, ಶಿವಮೊಗ್ಗ.